ವೇಗಸ್‌ನಲ್ಲಿ ಹೋಟೆಲ್ ಹುಡುಕಿದ್ದು: ರೂಮಿಗಿಂತ ಮೊದಲು ದಾರಿ ನೋಡಿದೆ

ಲಾಸ್ ವೇಗಸ್‌ಗೆ ಹೊರಟವರು ಮೊದಲು ರೂಮಿನ ಫೋಟೊ ನೋಡುತ್ತಾರೆ, ಆಮೇಲೆ ರೇಟು. ನಾನು ಎರಡನ್ನೂ ಕೊನೆಗೆ ಇಟ್ಟುಕೊಂಡೆ. ಕಾರಣ ಅಮ್ಮನ ಮಂಡಿ.

ಹೋಗಿದ್ದು ನಾಲ್ಕು ಜನ. ನಾನು, ಹೆಂಡತಿ, ಊರಿಂದ ಬಂದಿದ್ದ ಅಪ್ಪ, ಅಮ್ಮ. ಅಮ್ಮನಿಗೆ ಜಾಸ್ತಿ ನಡೆಯೋಕೆ ಆಗಲ್ಲ, ಸಿಗರೇಟಿನ ಹೊಗೆಯಂತೂ ಆಗೋದೇ ಇಲ್ಲ. ಅಪ್ಪ ನೀರಾವರಿ ಇಲಾಖೆಯಲ್ಲಿ ಇದ್ದವರು, ಅವರಿಗೆ ವೇಗಸ್ ಅಂದರೆ ಹೂವರ್ ಡ್ಯಾಮ್‌ನ ಪಕ್ಕದ ಊರು ಅಷ್ಟೇ. ಹೆಂಡತಿಗೆ ಒಂದು ಒಳ್ಳೆ ಶೋ ನೋಡಬೇಕಿತ್ತು. ನನಗೆ ಸ್ಫಿಯರ್, ಅಂದರೆ ಒಳಗೂ ಹೊರಗೂ ಸ್ಕ್ರೀನ್ ಇರುವ ಚೆಂಡಿನಾಕಾರದ ದೊಡ್ಡ ಥಿಯೇಟರ್. ಇದನ್ನೆಲ್ಲ ಮೊದಲು ಬರೆದಿಟ್ಟುಕೊಂಡು ಆಮೇಲೆ ಹೋಟೆಲ್ ಹುಡುಕೋಕೆ ಕೂತೆ. ಯಾರಿಗೆ ಏನು ಬೇಕು ಅಂತ ಗೊತ್ತಾಗದೆ ಇಲ್ಲಿ ಹೋಟೆಲ್ ಆರಿಸೋಕೆ ಹೋದರೆ ನೂರೆಂಟು ಹೆಸರಿನ ನಡುವೆ ತಲೆ ಕೆಡುತ್ತದೆ.

ದೊಡ್ಡ ಹೋಟೆಲುಗಳೆಲ್ಲ ಸಾಲಾಗಿರುವ, ಎಲ್ಲರೂ ಸ್ಟ್ರಿಪ್ ಅನ್ನುವ ರಸ್ತೆ ಸುಮಾರು ಏಳು ಕಿಲೋಮೀಟರ್ ಉದ್ದ. ಮ್ಯಾಪಿನಲ್ಲಿ ಅದು ಒಂದು ನೇರ ಗೆರೆ. ಬೆಲಾಜಿಯೊ ಹೋಟೆಲಿನ ಮುಂದೆ ನಿಂತು ದಕ್ಷಿಣಕ್ಕೆ ನೋಡಿದರೆ ಎಲ್ಲವೂ ಇಲ್ಲೇ ಇದೆ ಅನ್ನಿಸುತ್ತದೆ. ಕಟ್ಟಡಗಳು ಅಷ್ಟು ದೊಡ್ಡವು, ಅದಕ್ಕೇ ದೂರ ಕಣ್ಣಿಗೆ ಗೊತ್ತಾಗಲ್ಲ. ದೊಡ್ಡ ಸಿಗ್ನಲ್‌ಗಳಲ್ಲಿ ರಸ್ತೆ ದಾಟೋಕೆ ಕೆಳಗೆ ಜಾಗವೇ ಇಲ್ಲ. ಎಸ್ಕಲೇಟರ್ ಹತ್ತಿ, ಸೇತುವೆ ದಾಟಿ, ಮತ್ತೆ ಇಳಿಯಬೇಕು. ಎಸ್ಕಲೇಟರ್ ಕೆಟ್ಟು ನಿಂತಿದ್ದರೆ ಲಿಫ್ಟ್ ಹುಡುಕಬೇಕು. "ಅಲ್ಲೇ ಕಾಣ್ತಿದೆಯಲ್ಲೋ, ಇನ್ನೂ ಎಷ್ಟು ದೂರ?" ಅಂತ ಅಮ್ಮ ಕೇಳಿದ್ದು ಒಂದೆರಡು ಸಲ ಅಲ್ಲ.

ಹೊರಗಿನ ದೂರದ ಮಾತು ಇದಾಯಿತು. ಒಳಗಿನದು ಬೇರೆ. ಎಂಜಿಎಂ ಗ್ರ್ಯಾಂಡ್ ಒಂದರಲ್ಲೇ ಐದು ಸಾವಿರದಷ್ಟು ರೂಮುಗಳಿವೆ. ವೆನೀಷಿಯನ್ ಮತ್ತು ಪಲಾಜೊ ಸೇರಿಸಿದರೆ ಏಳು ಸಾವಿರ. ಇಂಥ ಹೋಟೆಲಿನಲ್ಲಿ ರೂಮಿನಿಂದ ಲಿಫ್ಟ್‌ಗೆ ಒಂದು ನಡಿಗೆ, ಲಿಫ್ಟ್‌ನಿಂದ ಕ್ಯಾಸಿನೊ ದಾಟಿ ಬಾಗಿಲಿಗೆ ಇನ್ನೊಂದು ನಡಿಗೆ. ಕ್ಯಾಸಿನೊ ದಾಟದೆ ಹೊರಗೆ ಹೋಗೋ ದಾರಿ ಬಹಳ ಕಡೆ ಸಿಗೋದೇ ಇಲ್ಲ. ಬೇಕೆಂದೇ ಹಾಗೆ ಕಟ್ಟಿದ್ದಾರೆ, ಅಲ್ವಾ? ಮೊನೊರೈಲ್ ಇದೆಯಲ್ಲ ಅನ್ನಬಹುದು. ಅದು ಪೂರ್ವ ಬದಿಯ ಹೋಟೆಲುಗಳ ಹಿಂಭಾಗದಲ್ಲಿ ಓಡುತ್ತದೆ. ಸ್ಟೇಷನ್‌ಗೆ ಹೋಗೋಕೂ ಕ್ಯಾಸಿನೊ ಒಳಗಿಂದಲೇ ಹಿಂದಕ್ಕೆ ನಡೆಯಬೇಕು. ಊಬರ್ ಹತ್ತುವ ಜಾಗವೂ ಎಷ್ಟೋ ಕಡೆ ಪಾರ್ಕಿಂಗ್ ಕಟ್ಟಡದ ಮೂಲೆಯಲ್ಲಿ. ಹಾಗಾಗಿ ಪ್ರತಿ ಹೋಟೆಲಿಗೂ ನಾನು ಕೇಳಿಕೊಂಡ ಮೊದಲ ಪ್ರಶ್ನೆ ಇದು: ರೂಮಿನಿಂದ ರಸ್ತೆಗೆ ಬರೋಕೆ ಎಷ್ಟು ಹೊತ್ತು ಬೇಕು? ಉಳಿದುಕೊಂಡು ಬಂದವರ ವಿಮರ್ಶೆಗಳಲ್ಲಿ ಇದನ್ನೇ ಹುಡುಕಿ ಓದಿದೆ. ಸ್ಟಾರ್ ಎಷ್ಟು ಕೊಟ್ಟಿದ್ದಾರೆ ಅನ್ನೋದರ ಕಡೆ ನೋಡಲೇ ಇಲ್ಲ.

ಎರಡನೆಯ ಪ್ರಶ್ನೆ ಹೊಗೆಯದು. ವೇಗಸ್ ಇರುವ ನೆವಾಡಾ ರಾಜ್ಯದಲ್ಲಿ ಕ್ಯಾಸಿನೊ ಒಳಗೆ ಸಿಗರೇಟು ಸೇದಬಹುದು. ನಾನ್ ಸ್ಮೋಕಿಂಗ್ ರೂಮು ಕೊಟ್ಟರೂ ಅಲ್ಲಿಗೆ ಹೋಗೋ ದಾರಿಯ ತುಂಬ ಹೊಗೆ ಇರುತ್ತದಲ್ಲ. ಸ್ಟ್ರಿಪ್‌ನಲ್ಲಿ ಪಾರ್ಕ್ ಎಂಜಿಎಂ 2020ರಿಂದ ಪೂರ್ತಿ ಹೊಗೆರಹಿತ, ಕ್ಯಾಸಿನೊ ಕೂಡ. ಇನ್ನೊಂದು ವಿಡಾರಾ. ಅಲ್ಲಿ ಕ್ಯಾಸಿನೊನೇ ಇಲ್ಲ, ಹೊಗೆಯೂ ಇಲ್ಲ. ಜೊತೆಗೆ ಬೆಲಾಜಿಯೊಗೆ ನೇರ ಕಾಲುದಾರಿ ಇದೆ. ಕೊನೆಗೆ ಈ ಎರಡರ ನಡುವೆ ತೂಗಿ ನೋಡಿ ವಿಡಾರಾ ತೆಗೆದುಕೊಂಡೆವು. ರೂಮಿನಲ್ಲೇ ಪುಟ್ಟ ಅಡುಗೆ ಕಟ್ಟೆ, ಫ್ರಿಜ್ ಇರೋದು ಅಮ್ಮನಿಗೆ ಹಿಡಿಸಿತು. ಬೆಳಗ್ಗೆ ಅವಲಕ್ಕಿ ಒಗ್ಗರಣೆ ಪ್ಯಾಕೆಟ್‌ಗೆ ಬಿಸಿನೀರು ಹಾಕಿ ತಿಂಡಿ ಮುಗಿಸಿದರೆ ನಾಲ್ಕು ಜನರ ತಿಂಡಿಯ ಬಿಲ್ ಉಳಿಯಿತು. ಆ ಬಿಲ್ ಅಲ್ಲಿ ಸಣ್ಣದಲ್ಲ.

ವಿಡಾರಾ ಬಗ್ಗೆ ಒಂದು ತಮಾಷೆ. ಅದರ ದಕ್ಷಿಣದ ಗೋಡೆ ಒಳಕ್ಕೆ ಬಾಗಿದ ಗಾಜು. 2010ರಲ್ಲಿ ಆ ಗಾಜಿನಿಂದ ಬಿಸಿಲು ಒಟ್ಟಾಗಿ ಪೂಲ್ ಪಕ್ಕದ ಒಂದೇ ಜಾಗಕ್ಕೆ ಬಿದ್ದು, ಮಲಗಿದ್ದವರೊಬ್ಬರ ಪ್ಲಾಸ್ಟಿಕ್ ಚೀಲವೇ ಕರಗಿ ದೊಡ್ಡ ಸುದ್ದಿಯಾಗಿತ್ತು. ಅಪ್ಪ ಇದನ್ನು ಕೇಳಿ ಪೂಲ್ ಹತ್ತಿರ ಹೋಗಿ, ಗೋಡೆಯ ಬಾಗು ನೋಡಿ, ಬಿಸಿಲು ಯಾವಾಗ ಎಲ್ಲಿ ಬೀಳುತ್ತದೆ ಅಂತ ಲೆಕ್ಕ ಹಾಕುತ್ತಾ ನಿಂತರು. ನೀರಿಗೆ ಮಾತ್ರ ಇಳಿಯಲಿಲ್ಲ.

ಇನ್ನು ದುಡ್ಡಿನ ವಿಷಯ. ರೂಮಿನ ರೇಟಿನ ಮೇಲೆ ದಿನಕ್ಕೆ ರೆಸಾರ್ಟ್ ಫೀ ಅಂತ ಹಾಕುತ್ತಾರೆ. ದೊಡ್ಡ ಹೋಟೆಲುಗಳಲ್ಲಿ ಅದು ಸುಮಾರು 50 ಡಾಲರ್. ನೀವು ಜಿಮ್‌ಗೆ ಕಾಲಿಡದಿದ್ದರೂ ಕೊಡಲೇಬೇಕು. ಇದರ ಮೇಲೆ ಸುಮಾರು 13 ಪರ್ಸೆಂಟ್ ತೆರಿಗೆ, ಅದೂ ಫೀ ಸೇರಿಸಿ. 79 ಡಾಲರ್ ಅಂತ ಹಾಕಿದ್ದ ರೂಮು ಲೆಕ್ಕ ಹಾಕಿದರೆ 146ರ ಹತ್ತಿರ ಬರುತ್ತದೆ. ಮೊದಲೆಲ್ಲ ಈ ಫೀ ಬುಕಿಂಗ್‌ನ ಕೊನೆಯ ಪುಟದಲ್ಲಿ ಮೆಲ್ಲಗೆ ಕಾಣಿಸಿಕೊಳ್ಳುತ್ತಿತ್ತು. 2025ರ ಮೇ 12ರಿಂದ ಅಮೆರಿಕದಲ್ಲಿ ಹೊಸ ನಿಯಮ ಬಂದಿದೆ. ಕಡ್ಡಾಯದ ಫೀ ಎಲ್ಲ ಸೇರಿಸಿಯೇ ರೇಟು ತೋರಿಸಬೇಕು. ಆದರೆ ಸರ್ಕಾರಿ ತೆರಿಗೆ, ಪಾರ್ಕಿಂಗ್ ಆಮೇಲೆ ಬಂದು ಸೇರಬಹುದು. ಸ್ಟ್ರಿಪ್‌ನ ಬಹಳ ಹೋಟೆಲುಗಳಲ್ಲಿ ಪಾರ್ಕಿಂಗ್‌ಗೂ ದುಡ್ಡು ಕೊಡಬೇಕು. ಅದಕ್ಕೇ ನಾವು ಕಾರನ್ನು ಬೇಕಾದ ದಿನಕ್ಕೆ ಮಾತ್ರ ಬಾಡಿಗೆಗೆ ತೆಗೆದುಕೊಂಡೆವು. ಉಳಿದ ದಿನ ಕಾಲ್ನಡಿಗೆ, ಬೆಲಾಜಿಯೊದಿಂದ ಪಾರ್ಕ್ ಎಂಜಿಎಂವರೆಗಿನ ಪುಕ್ಕಟೆ ಟ್ರಾಮ್, ಮತ್ತೆ ಡ್ಯೂಸ್ ಅನ್ನೋ ಡಬಲ್ ಡೆಕರ್ ಬಸ್ಸು. ಬಸ್ಸು ಹಗಲು ರಾತ್ರಿ ಓಡುತ್ತದೆ, ಆದರೆ ಸಂಜೆ ಟ್ರಾಫಿಕ್‌ನಲ್ಲಿ ಅದೂ ತೆವಳುತ್ತದೆ.

ರೇಟು ಇಳಿಸೋಕೆ ನಾನು ಕಂಡ ಒಂದೇ ದಾರಿ ದಿನ ಬದಲಾಯಿಸೋದು. ಭಾನುವಾರ ತಲುಪಿ ಗುರುವಾರ ಹೊರಟರೆ ಶುಕ್ರವಾರ, ಶನಿವಾರದ ರೇಟು ತಪ್ಪುತ್ತದೆ. ಅದೇ ರೂಮು ವಾರಾಂತ್ಯಕ್ಕೆ ಎರಡು ಪಟ್ಟು ಆಗೋದು ಮಾಮೂಲು. ದೊಡ್ಡ ಸಮ್ಮೇಳನ ಇದ್ದರೆ ಮಾತ್ರ ಈ ಲೆಕ್ಕ ಉಲ್ಟಾ. ಜನವರಿಯಲ್ಲಿ ಸಿಇಎಸ್ ಅನ್ನೋ ಎಲೆಕ್ಟ್ರಾನಿಕ್ಸ್ ಮೇಳದ ವಾರ, ನವೆಂಬರಿನ ಫಾರ್ಮುಲಾ ಒನ್ ವಾರ ಹೋಗಲೇಬಾರದು. ಊರಿನ ಸಮ್ಮೇಳನಗಳ ಕ್ಯಾಲೆಂಡರ್ ನೋಡಿಯೇ ನಾವು ಏಪ್ರಿಲ್‌ನಲ್ಲಿ ಖಾಲಿ ವಾರ ಹಿಡಿದೆವು. ಬೇಸಿಗೆಗೆ ಅಗ್ಗ ಅಂತಾರೆ, ನಿಜ. 2024ರ ಜುಲೈ 7ರಂದು ಅಲ್ಲಿ 120 ಡಿಗ್ರಿ ಫ್ಯಾರನ್‌ಹೀಟ್ ಆಗಿತ್ತು, ಅಂದರೆ ಸುಮಾರು 49 ಸೆಲ್ಸಿಯಸ್. ಅಪ್ಪ ಅಮ್ಮನನ್ನು ಕರೆದುಕೊಂಡು ಆ ಬಿಸಿಲಿನಲ್ಲಿ ಸೇತುವೆ ಹತ್ತಿ ಇಳಿಯೋದು ಬೇಡವೇ ಬೇಡ.

ಚೆಕ್ ಇನ್ ಹೊತ್ತಿಗೆ ಕಾರ್ಡಿನ ಮೇಲೆ ಡಿಪಾಸಿಟ್ ಹಿಡಿಯುತ್ತಾರೆ. ಕ್ರೆಡಿಟ್ ಕಾರ್ಡೇ ಕೊಡಿ. ಡೆಬಿಟ್ ಕೊಟ್ಟರೆ ದುಡ್ಡು ವಾಪಸ್ ಬರೋಕೆ ದಿನಗಟ್ಟಲೆ ಕಾಯಬೇಕು. ಇನ್ನೊಂದು, ಮಿನಿಬಾರ್ ಇರುವ ಹೋಟೆಲುಗಳಲ್ಲಿ ಬಾಟಲಿ ಎತ್ತಿದ ಕೂಡಲೇ ಸೆನ್ಸರ್ ಬಿಲ್ ಹಾಕಿಬಿಡುತ್ತದೆ. ಸುಮ್ನೆ ನೋಡೋಕೂ ಎತ್ತಬೇಡಿ.

ದಿನಗಳನ್ನು ಹಂಚಿದ್ದು ಹೀಗೆ: ಬೆಳಗ್ಗೆ ಊರ ಹೊರಗೆ, ಮಧ್ಯಾಹ್ನ ರೂಮಿನಲ್ಲಿ ನಿದ್ದೆ, ಸಂಜೆ ಸ್ಟ್ರಿಪ್. ವೇಗಸ್ ಬೆಳಗ್ಗೆ ಮಂಕಾಗಿರುತ್ತದೆ, ಸುತ್ತಲಿನ ಬೆಟ್ಟ ಚೆಂದ ಕಾಣೋದೇ ಆಗ. ರೆಡ್ ರಾಕ್ ಕ್ಯಾನ್ಯನ್ ಅರ್ಧ ಗಂಟೆ ದಾರಿ. ಕಾರಿನಲ್ಲೇ ಸುತ್ತೋ 13 ಮೈಲಿಯ ರಸ್ತೆ, ಒಂದೇ ದಿಕ್ಕು. ನಡುನಡುವೆ ನಿಲ್ಲಿಸಿ ಕೆಂಪು ಬಂಡೆ ನೋಡಬಹುದು, ಮಂಡಿ ನೋವಿನವರಿಗೆ ಹೇಳಿ ಮಾಡಿಸಿದ ಜಾಗ. ಅಕ್ಟೋಬರ್‌ನಿಂದ ಮೇವರೆಗೆ ಹೊತ್ತು ಹೇಳಿ ಮೊದಲೇ ಬುಕ್ ಮಾಡಬೇಕು.

ಹೂವರ್ ಡ್ಯಾಮ್‌ಗೆ ಬೇಗನೆ ಹೊರಟೆವು. ಒಳಗೆ ಕರೆದುಕೊಂಡು ಹೋಗುವ ಟೂರಿನ ಟಿಕೆಟ್ ಅಲ್ಲೇ ಸಿಗುತ್ತದೆ, ಮೊದಲು ಹೋದವರಿಗೆ ಮೊದಲು. 726 ಅಡಿ ಎತ್ತರದ ಕಟ್ಟೆ. ಮೇಲಿನಿಂದ ಬಗ್ಗಿ ನೋಡಿದ ಹೆಂಡತಿ ಗೋಡೆ ಬಿಡಲಿಲ್ಲ. ಅಪ್ಪನಿಗೆ ಮಾತ್ರ ಊಟ ನಿದ್ದೆ ಯಾವುದೂ ಬೇಡವಾಯಿತು. ಕಾಂಕ್ರೀಟ್ ಗಟ್ಟಿಯಾಗುವಾಗ ಬಿಸಿ ಹುಟ್ಟುತ್ತದೆ, ಇಷ್ಟು ದಪ್ಪದ ಕಟ್ಟೆ ತಾನಾಗಿ ತಣ್ಣಗಾಗೋಕೆ ಎಷ್ಟೋ ವರ್ಷ ಬೇಕು, ಅದಕ್ಕೇ ಒಳಗೆ ಪೈಪ್ ಹಾಯಿಸಿ ತಣ್ಣೀರು ಹರಿಸಿದರು ಅಂತ ನಮಗೆಲ್ಲ ಪಾಠ ಆಯಿತು. ಕಟ್ಟೆಯ ಒಂದು ಬದಿ ನೆವಾಡಾ, ಇನ್ನೊಂದು ಬದಿ ಅರಿಜೋನಾ. ಎರಡೂ ಕಡೆಯ ಗೋಪುರಗಳಲ್ಲಿ ಗಡಿಯಾರ ಇವೆ, ಎರಡು ರಾಜ್ಯದ ಸಮಯ ತೋರಿಸೋಕೆ. "ಎರಡೂ ಒಂದೇ ಟೈಮ್ ತೋರಿಸ್ತಿವೆಯಲ್ಲ, ಒಂದು ಕೆಟ್ಟಿದೆ" ಅಂದರು ಅಪ್ಪ. ಕೆಟ್ಟಿರಲಿಲ್ಲ. ಅರಿಜೋನಾದ ಹೆಚ್ಚಿನ ಭಾಗ ಬೇಸಿಗೆಗೆ ಗಡಿಯಾರ ಮುಂದೆ ತಿರುಗಿಸಲ್ಲ, ಒಂದು ಗಂಟೆ ಹಿಂದಿರುವ ನೆವಾಡಾ ತಿರುಗಿಸುತ್ತದೆ. ಮಾರ್ಚ್‌ನಿಂದ ನವೆಂಬರ್‌ವರೆಗೆ ಎರಡೂ ಒಂದೇ.

ಗ್ರ್ಯಾಂಡ್ ಕ್ಯಾನ್ಯನ್ ಬಿಟ್ಟೆವು. ವೇಗಸ್‌ನಿಂದ ಒಂದೇ ದಿನದಲ್ಲಿ ಮಾರುವ ಟೂರುಗಳಲ್ಲಿ ಹೆಚ್ಚಿನವು ಹತ್ತಿರದ ವೆಸ್ಟ್ ರಿಮ್‌ಗೆ, ಗಾಜಿನ ಸ್ಕೈವಾಕ್ ಇರುವ ಕಡೆ. ಅದು ಹುವಲಪೈ ಬುಡಕಟ್ಟಿನವರ ಜಾಗ, ನ್ಯಾಷನಲ್ ಪಾರ್ಕ್ ಅಲ್ಲ. ಫೋಟೊಗಳಲ್ಲಿ ಕಾಣುವ ಸೌತ್ ರಿಮ್‌ಗೆ ಒಂದು ಕಡೆಗೇ ನಾಲ್ಕೂವರೆ ಗಂಟೆ ಡ್ರೈವ್. ಅದನ್ನು ನೋಡಬೇಕಾದರೆ ಅಲ್ಲೇ ಒಂದು ರಾತ್ರಿ ಉಳಿಯೋದು ಸರಿ ಅನ್ನೋದು ನನ್ನ ಅಭಿಪ್ರಾಯ.

ಸಂಜೆಗಳಲ್ಲಿ ಅಮ್ಮನಿಗೆ ಹಿಡಿಸಿದ್ದೆಲ್ಲ ಪುಕ್ಕಟೆಯದು. ಬೆಲಾಜಿಯೊ ಕಾರಂಜಿ ವಾರದ ದಿನ ಮಧ್ಯಾಹ್ನ ಅರ್ಧ ಗಂಟೆಗೊಮ್ಮೆ, ರಾತ್ರಿ ಎಂಟರ ಮೇಲೆ ಕಾಲು ಗಂಟೆಗೊಮ್ಮೆ. ಗಾಳಿ ಜೋರಾಗಿದ್ದರೆ ಇರಲ್ಲ. ನಾವು ರಾತ್ರಿಯ ಹೊತ್ತಿಗೇ ಹೋದೆವು, ಒಂದು ತಪ್ಪಿದರೆ ಇನ್ನೊಂದಕ್ಕೆ ಜಾಸ್ತಿ ಕಾಯಬೇಕಿಲ್ಲ. ಒಳಗೆ ಕಾಲಕ್ಕೆ ತಕ್ಕಂತೆ ಹೂವಿನ ಅಲಂಕಾರ ಬದಲಾಗುವ ತೋಟ, ಲಾಬಿಯ ಸೂರಿನಲ್ಲಿ ಡೇಲ್ ಚಿಹೂಲಿ ಮಾಡಿದ ಸುಮಾರು ಎರಡು ಸಾವಿರ ಗಾಜಿನ ಹೂವು. ಹೆಂಡತಿಯ ಶೋ ಕೂಡ ಅದೇ ಕಟ್ಟಡದಲ್ಲಿ, ಸರ್ಕಸ್ ತಂಡ ಸರ್ಕ್ ದು ಸೊಲೆಯ್‌ನವರದು, ರಂಗದ ಬದಲು ನೀರಿನ ಕೊಳ. 1998ರಿಂದ ನಡೆಯುತ್ತಿದೆ. ಟಿಕೆಟ್ ದುಬಾರಿಯೇ, ಕೊಟ್ಟಿದ್ದಕ್ಕೆ ಬೇಜಾರಿಲ್ಲ.

ಸ್ಫಿಯರ್‌ನಲ್ಲಿ ಸೀಟು ನೋಡಿ ತೆಗೆದುಕೊಳ್ಳಿ. ಕೆಳಗಿನ 100ರ ಸಾಲಿನ ಹಿಂದಿನ ಸೀಟುಗಳ ಮೇಲೆ ಬಾಲ್ಕನಿ ಚಾಚಿಕೊಂಡಿದೆ, ತಲೆ ಎತ್ತಿದರೆ ಸ್ಕ್ರೀನ್ ಬದಲು ಸೂರು ಕಾಣುತ್ತದೆ. ತೀರಾ ಮೇಲಿನ 400ರಲ್ಲಿ ಮೆಟ್ಟಿಲು ಕಡಿದು. ನಾವು 200ರಲ್ಲಿ ಕೂತೆವು. ಹೊರಗಿನ ದೀಪದಾಟ ನೋಡೋಕೆ ಟಿಕೆಟ್ ಬೇಡ.

ಫ್ರೀಮಾಂಟ್ ಸ್ಟ್ರೀಟ್‌ಗೆ ಒಂದು ಸಂಜೆ ಹೋಗಿ ಬಂದೆವು. ಹಳೇ ವೇಗಸ್ ಅದು. ರೂಮು ಅಗ್ಗ, ಎಲ್ಲ ಹತ್ತಿರ. ಆದರೆ ರಾತ್ರಿ ತುಂಬ ಹೊತ್ತಿನವರೆಗೆ ಬೀದಿಯಲ್ಲೇ ಹಾಡು ಕುಣಿತ, ನಿದ್ದೆ ಆಗುತ್ತಿರಲಿಲ್ಲ.

ಜೂಜಿಗೆ ಅಂತ ತಲೆಗೆ 40 ಡಾಲರ್ ಕವರಿನಲ್ಲಿ ಹಾಕಿಟ್ಟಿದ್ದೆ. ಒಂದು ಸೆಂಟಿನ ಮೆಶಿನ್ ಅಂತ ಬೋರ್ಡ್ ಇದ್ದರೂ ಒಂದು ಸಲ ಒತ್ತಿದರೆ ಅರ್ಧ ಡಾಲರೋ ಇನ್ನೂ ಜಾಸ್ತಿಯೋ ಹೋಗುತ್ತದೆ. ಅಪ್ಪ ಎರಡು ಸಲ ಒತ್ತಿ, ಪರದೆಯ ಮೂಲೆಯ ಸಣ್ಣ ಅಕ್ಷರ ಓದಿ, ಕ್ಯಾಶ್ ಔಟ್ ಒತ್ತಿಬಿಟ್ಟರು. ನಾಣ್ಯ ಬೀಳಲಿಲ್ಲ, ಒಂದು ಚೀಟಿ ಬಂತು. ಅದನ್ನು ಇನ್ನೊಂದು ಮೆಶಿನ್‌ಗೆ ಹಾಕಿ ದುಡ್ಡು ಪಡೆಯಬೇಕು. ಜೂಜಿನ ಟೇಬಲ್ಲಿಗೆ ಕೂರುವವರು ಅದಕ್ಕೆ ಹಾಸಿದ ಬಟ್ಟೆಯ ಮೇಲೆ ಬರೆದಿದ್ದನ್ನು ಓದಿ. ಬ್ಲ್ಯಾಕ್‌ಜ್ಯಾಕ್‌ನಲ್ಲಿ ಮೊದಲ ಎರಡೇ ಎಲೆಗೆ 21 ಬಿದ್ದಾಗ, 3ಕ್ಕೆ 2 ಅಂತಿದ್ದರೆ 10 ಡಾಲರ್‌ಗೆ 15 ಬರುತ್ತದೆ, 6ಕ್ಕೆ 5 ಅಂತಿದ್ದರೆ 12 ಮಾತ್ರ. ರೂಲೆಟ್‌ನಲ್ಲಿ ತಿರುಗೋ ಚಕ್ರದ ಮೇಲೆ ಒಂದು ಸೊನ್ನೆ ಇದ್ದರೆ ಕ್ಯಾಸಿನೊದ ಪಾಲು 2.7 ಪರ್ಸೆಂಟ್, ಎರಡಿದ್ದರೆ 5.26, ಮೂರಿದ್ದರೆ 7.69. ಸ್ಟ್ರಿಪ್‌ನಲ್ಲಿ ಮೂರು ಸೊನ್ನೆಯವು ಬೇಕಾದಷ್ಟಿವೆ. 21 ವರ್ಷ ತುಂಬದವರು ಕ್ಯಾಸಿನೊ ದಾಟಿ ಹೋಗಬಹುದು, ನಿಂತು ನೋಡುವ ಹಾಗಿಲ್ಲ.

ದಾರಿಯಲ್ಲಿ ಯಾರಾದರೂ ನಗುತ್ತಾ "ಎಷ್ಟು ದಿನ ಇರ್ತೀರಿ, ಶೋ ಟಿಕೆಟ್ ಪುಕ್ಕಟೆ ಬೇಕಾ?" ಅಂದರೆ ಅದು ಟೈಮ್‌ಶೇರ್, ಅಂದರೆ ರಜೆಯ ಮನೆಯಲ್ಲಿ ವರ್ಷಕ್ಕಿಷ್ಟು ದಿನದ ಪಾಲು, ಮಾರುವವರು. ಅವರ ಭಾಷಣಕ್ಕೆ ಒಂದು ಬೆಳಗ್ಗೆಯೇ ಹೋಗುತ್ತದೆ. ನಾಳೆ ಹೊರಡುತ್ತೇವೆ ಅಂದರೆ ತಾವೇ ಬಿಟ್ಟುಬಿಡುತ್ತಾರೆ. ವೇಷ ಹಾಕಿದವರು ಫೋಟೊಗೆ ಕರೆದರೂ ಆಮೇಲೆ ದುಡ್ಡು ಕೇಳುತ್ತಾರೆ.

ಗೆಳೆಯರು ಕೇಳಿದಾಗ ನಾನು ಎಲ್ಲರಿಗೂ ವಿಡಾರಾ ಅನ್ನಲ್ಲ. ರಾತ್ರಿಯಿಡೀ ಸುತ್ತುವ ಹುಡುಗರಿಗೆ ಲಿಂಕ್ ಅಥವಾ ಫ್ಲಮಿಂಗೊ, ರಸ್ತೆಗೆ ಇಳಿದರೆ ಸಾಕು. ಮಕ್ಕಳಿದ್ದರೆ ಪೂಲ್ ನೋಡಿ ಮ್ಯಾಂಡಲೇ ಬೇ, ದೂರ ಇದ್ದರೂ ಎಕ್ಸ್‌ಕ್ಯಾಲಿಬರ್‌ವರೆಗೆ ಪುಕ್ಕಟೆ ಟ್ರಾಮ್ ಇದೆ. ಅಲ್ಲಿಂದ ಏರ್‌ಪೋರ್ಟೂ ಹತ್ತಿರ. ಹೊರಡುವಾಗ ಟ್ಯಾಕ್ಸಿ ಹಿಡಿಯೋದಾದರೆ ಮೀಟರ್ ಬೇಡ ಅನ್ನಿ, ಸ್ಟ್ರಿಪ್ ಹೋಟೆಲುಗಳಿಗೂ ಏರ್‌ಪೋರ್ಟಿಗೂ ನಡುವೆ ವಲಯಕ್ಕಿಷ್ಟು ಅಂತ ದರ ನಿಗದಿಯಾಗಿದೆ.