ಎರಡು ತಿಂಗಳಿಗೆ ನಿಂತ ಮಾತ್ರೆ

"ಈಗ ಚೆನ್ನಾಗೇ ಇದ್ದೀನಲ್ಲ ಅಕ್ಕ. ನುಂಗೋದು ಬಿಡೋದು ನನ್ನಿಷ್ಟ."

ಕೊಡಗಿನ ಸಿದ್ದಾಪುರದ ಕಡೆ ಒಂದು ಕಾಫಿ ತೋಟದ ಲೈನ್ ಮನೆ, ಅಂದರೆ ಕೂಲಿಯವರ ಸಾಲುಮನೆ. ನಾನು ಅಲ್ಲಿನ ಆಶಾ ಕಾರ್ಯಕರ್ತೆ. ಸೆಪ್ಟೆಂಬರ್‌ನಲ್ಲಿ ಕೊಡವರ ಕೈಲ್‌ಪೊಳ್ದ್ ಹಬ್ಬ ಕಳೆದ ಮೇಲೆ, ಹೀಗೆ ಹೇಳಿದ ಆ ಅಣ್ಣನಿಗೆ ಟಿಬಿ ಅಂತ ಗೊತ್ತಾಯಿತು. ಚಿಕಿತ್ಸೆ 6 ತಿಂಗಳು: ಮೊದಲ 2 ತಿಂಗಳು ನಾಲ್ಕು ಔಷಧಿ, ಉಳಿದ 4 ತಿಂಗಳು ಮೂರು. ಎಲ್ಲ ಉಚಿತ. ಎರಡು ತಿಂಗಳಿಗೆ ಕೆಮ್ಮು ನಿಂತಿತು, ಮಾತ್ರೆಯನ್ನೂ ನಿಲ್ಲಿಸಿಬಿಟ್ಟರು.

ನಾನು ಬೈದೆ. ನಡುವೆ ಬಿಟ್ಟರೆ ಔಷಧಿಗೆ ಬಗ್ಗದ ಟಿಬಿ ಬರಬಹುದು, ಅದು ಪಕ್ಕದ ಮನೆಯ ಮಕ್ಕಳಿಗೂ ಅಂಟಬಹುದು ಅಂದೆ. ಹೇಳಿದ್ದೆಲ್ಲ ನಿಜವೇ. ಆದರೆ ಮರುದಿನ ನನ್ನನ್ನು ಕಂಡು ಅವರು ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. 2012ರಿಂದ ಟಿಬಿ ಕಂಡರೆ ಸರ್ಕಾರಕ್ಕೆ ತಿಳಿಸಲೇಬೇಕು. ತಿಳಿಸಿದ ಮಾತ್ರಕ್ಕೆ ಮಾತ್ರೆ ಹೊಟ್ಟೆಗೆ ಹೋಗುವುದಿಲ್ಲ ಅಲ್ವಾ?

ಮೂರನೇ ಸಲ ಹೋದಾಗ ಸುಮ್ನೆ ಕೂತು ಕೇಳಿದೆ. ಆಗ ಹೆಂಡತಿ ಬಾಯಿಬಿಟ್ಟರು. ಬೆಳಿಗ್ಗೆ ಖಾಲಿ ಹೊಟ್ಟೆಗೆ ನುಂಗಿದರೆ ವಾಕರಿಕೆ. ಕೆಲಸಕ್ಕೆ ಹೋಗದಿದ್ದರೆ ಆ ದಿನದ ಕೂಲಿ ಇಲ್ಲ. ಅದಕ್ಕಿಂತ ಜಾಸ್ತಿ ಭಯ, ಲೈನಿನವರಿಗೆ ಗೊತ್ತಾದರೆ ನೀರಿನ ನಲ್ಲಿ ಹತ್ತಿರವೂ ಸೇರಿಸುವುದಿಲ್ಲ ಅಂತ. ಇದನ್ನೆಲ್ಲ ಬರೀ "ನನ್ನಿಷ್ಟ" ಅಂತ ನಾನು ಹೇಗೆ ತಿಳಿದೆ?

ಡಾಕ್ಟರನ್ನು ಕೇಳಿದೆ. ಮತ್ತೆ ಕಫ ಪರೀಕ್ಷೆ ಮಾಡಿಸಿದರು. ಸ್ವಲ್ಪ ಗಂಜಿ ಕುಡಿದು ಮಾತ್ರೆ ನುಂಗಲಿ ಅಂದರು. ಅಣ್ಣನ ಒಪ್ಪಿಗೆ ಪಡೆದು ಕೆಲಸದ ಲೆಕ್ಕ ನೋಡುವ ತೋಟದ ರೈಟರ್ ಜೊತೆ ಮಾತಾಡಿದೆ. ಚೀಲ ಹೊರುವುದು ತಪ್ಪಿತು, ಕೂಲಿ ಉಳಿಯಿತು. ಪೌಷ್ಟಿಕ ಆಹಾರಕ್ಕೆ ಸರ್ಕಾರ ಕೊಡುವ ತಿಂಗಳ 1000 ರೂಪಾಯಿ ಅವರ ಖಾತೆಗೆ ಬರುತ್ತಿರಲಿಲ್ಲ. ಬ್ಯಾಂಕ್ ಖಾತೆ ಸರಿಪಡಿಸಲು ಎರಡು ಸಲ ಓಡಾಡಿದೆ.

ಕಷ್ಟವಾಗಿದ್ದು ಗುಟ್ಟು ಕಾಯುವುದು. ಅಕ್ಕಪಕ್ಕದವರನ್ನು ಪರೀಕ್ಷಿಸಲೇಬೇಕು, ಇವರ ಹೆಸರು ಹೊರಬರಲೂಬಾರದು. ಹಾಗಾಗಿ ಇಡೀ ಲೈನಿನಲ್ಲಿ, "ಕೆಮ್ಮು, ಜ್ವರ ಇದ್ದವರೆಲ್ಲ ಕಫ ಕೊಡಿ, ಕೊಯ್ಲಿಗೆ ಮುಂಚೆ ಎಲ್ಲ ತೋಟದಲ್ಲೂ ನೋಡ್ತಾ ಇದ್ದೀವಿ" ಅಂದೆ. ಮಾತು ಸುಳ್ಳಾಗಬಾರದು ಅಂತ ಪಕ್ಕದ ತೋಟಗಳಿಗೂ ಹೋದೆ. ಮನೆಯಲ್ಲಿದ್ದ ಹೆಂಡತಿ, ಮಗುವಿಗೆ ಕಾಯಿಲೆ ಇಲ್ಲ ಅಂತ ಖಚಿತವಾದ ಮೇಲೆ, ಮುಂದೆ ಬಾರದಂತೆ ತಡೆಯುವ ಮಾತ್ರೆ ಶುರುವಾಯಿತು.

ಅಣ್ಣನ ಕೊನೆಯ ಕಫ ಪರೀಕ್ಷೆ ನೆಗೆಟಿವ್ ಬಂತು. ಅಷ್ಟರಲ್ಲಿ ರೋಬಸ್ಟಾ ಕೊಯ್ಲು ಮುಗಿದು ಲೈನಿನ ಅರ್ಧ ಜನ ಊರಿಗೆ ಹೋಗಿದ್ದರು. ಅವರಲ್ಲಿ ಕೆಮ್ಮಿದ್ದ ಇಬ್ಬರು ಕಫ ಕೊಟ್ಟಿರಲಿಲ್ಲ. ಅವರ ನಂಬರ್ ನನ್ನ ಡೈರಿಯಲ್ಲಿದೆ. ವಾರಕ್ಕೊಮ್ಮೆ ಫೋನ್ ಮಾಡುತ್ತಿದ್ದೇನೆ.