ಗಾಬರಿಯ ಅಲೆ ಇಳಿಯದಂತೆ ಅನಿಸಿದಾಗ

ಪರೀಕ್ಷೆ, ಸಾಲ, ಮನೆಯವರ ಕಾಯಿಲೆಯ ಒತ್ತಡದಲ್ಲಿರುವ ಹುಬ್ಬಳ್ಳಿ-ಧಾರವಾಡದ ಬಂಧುಗಳ ಗಮನಕ್ಕೆ: ಏಕಾಏಕಿ ಎದೆ ಹೊಡೆದುಕೊಂಡು, ಉಸಿರು ಕಟ್ಟಿ, ಕೈ ಜುಮುಗುಟ್ಟಿ, ಈಗಲೇ ಸಾಯುತ್ತೇನೆಂಬ ಭಯ ಆವರಿಸುವ ಪ್ಯಾನಿಕ್ ಅಟ್ಯಾಕ್ ಸಾಮಾನ್ಯವಾಗಿ 10 ನಿಮಿಷದೊಳಗೆ ತುದಿ ಮುಟ್ಟಿ, ಅರ್ಧ ಗಂಟೆಯೊಳಗೆ ಇಳಿಯುತ್ತದೆ. ಗಂಟೆಗಟ್ಟಲೆ ಉಳಿದಂತೆ ಅನಿಸಿದರೆ, ಹೆಚ್ಚಾಗಿ ಒಂದು ಅಲೆ ಇಳಿಯುವ ಮುನ್ನವೇ ‘ಮತ್ತೆ ಬಂದೀತು’ ಎಂಬ ಅಂಜಿಕೆ ಇನ್ನೊಂದನ್ನು ಎಬ್ಬಿಸಿರುತ್ತದೆ. ಆಗ ಅದರೊಡನೆ ಗುದ್ದಾಡದೆ ಕುಳಿತು, ಮೂಗಿನಿಂದ ಮೆಲ್ಲಗೆ ಉಸಿರೆಳೆದು, ಎಳೆದುದಕ್ಕಿಂತ ಹೆಚ್ಚು ಹೊತ್ತು ತೆಗೆದುಕೊಂಡು ಬಿಡಿ. ಚಹಾ ಕಡಿಮೆ ಮಾಡಿ. ಜೊತೆಯಲ್ಲಿರುವವರು ದಯವಿಟ್ಟು ‘ಏನೂ ಆಗಿಲ್ಲ, ಸುಮ್ಮನಿರು’ ಎಂದು ಗದರಬೇಡಿ. ಆ ಸಂಕಟ ನಿಜವಾದದ್ದು. ಆದರೆ ಮೊದಲ ಸಲ ಎದೆನೋವು ಬಂದಾಗ, ಅದು ಮನಸ್ಸಿನದ್ದೇ ಎಂದು ಊಹಿಸದೆ 108ಕ್ಕೆ ಕರೆ ಮಾಡಿ. ಪದೇ ಪದೇ ಮರುಕಳಿಸುತ್ತಿದ್ದರೆ ಧಾರವಾಡದ ಮಾನಸಿಕ ಆರೋಗ್ಯ ಆಸ್ಪತ್ರೆ ಡಿಮ್ಹಾನ್ಸ್‌ನಲ್ಲಿ ತೋರಿಸಿ. ಹೊರಡಲಾಗದ ರಾತ್ರಿಯಲ್ಲಿ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ಸಂಖ್ಯೆಗೆ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತನಾಡಬಹುದು.