ಮಲೆನಾಡಿನ ಮಳೆ, ಗುಂಗುರು ಕೂದಲು ಮತ್ತು ಬ್ರೇಡ್ಸ್: ನನ್ನ ಅನುಭವ

ನಾನು ಸಿದ್ದಿ ಸಮುದಾಯದವಳು. ತವರು ಯಲ್ಲಾಪುರ ತಾಲ್ಲೂಕಿನ ಕಾಡಂಚಿನ ಒಂದು ಹಳ್ಳಿ. ಮದುವೆಯಾಗಿ ಶಿವಮೊಗ್ಗಕ್ಕೆ ಬಂದೆ. ಇಲ್ಲೇ ಟೈಲರಿಂಗ್ ಮಾಡುತ್ತೇನೆ. ನಮ್ಮ ಹಿರಿಯರನ್ನು ಶತಮಾನಗಳ ಹಿಂದೆ ಆಫ್ರಿಕಾದಿಂದ ಗೋವಾಕ್ಕೆ ಹಡಗಿನಲ್ಲಿ ತಂದರು. ಅಲ್ಲಿಂದ ತಪ್ಪಿಸಿಕೊಂಡವರು ಘಟ್ಟದ ಕಾಡು ಸೇರಿದರು. ನನ್ನ ಕೂದಲಿನ ಸುರುಳಿ ಅಲ್ಲಿಂದ ಬಂದದ್ದು. ಎಳೆದು ಹಿಡಿದರೆ ಹೆಗಲು ಮುಟ್ಟುತ್ತದೆ, ಕೈಬಿಟ್ಟರೆ ಕಿವಿಯ ಹತ್ತಿರ ಹೋಗಿ ಕೂರುತ್ತದೆ.

ಇಂಥ ಕೂದಲಿಗೆ ಬೇಕಾದ ಸಲಹೆ ಕನ್ನಡದಲ್ಲಿ ಸಿಗೋದು ಬಹಳ ಕಮ್ಮಿ. ಎಲ್ಲರೂ ನೀಳ ಜಡೆಯವರಿಗೇ ಹೇಳುತ್ತಾರೆ. ಅಮೆರಿಕದವರ, ನೈಜೀರಿಯಾದವರ ವಿಡಿಯೋ ನೋಡಿದರೆ ಕೂದಲು ನಮ್ಮದೇ ಥರ, ಆದರೆ ಅವರ ಹವೆ ಬೇರೆ. ಆಷಾಢದಲ್ಲಿ ಒಗೆದ ಬಟ್ಟೆಯೇ ಒಣಗದ ಊರಿನಲ್ಲಿ ದಿನಾ ತಲೆಗೆ ನೀರು ಸ್ಪ್ರೇ ಮಾಡಿ ಅಂದರೆ ಹೇಗೆ? ಹಾಗಾಗಿ ಬ್ರೇಡ್ಸ್ (ಹೊರಗಿನ ಕೂದಲು ಸೇರಿಸಿ ಹೆಣೆದ ಜಡೆಗಳು), ವೀವ್ (ಸಾಲು ಜಡೆಯ ಮೇಲೆ ಹೊಲಿಯುವ ಕೂದಲಿನ ಪಟ್ಟಿ) ಹಾಕಿಕೊಂಡೂ ಒಳಗಿನ ಸ್ವಂತ ಕೂದಲನ್ನು ನಾನು ಹೇಗೆ ಕಾಪಾಡಿಕೊಳ್ಳುತ್ತೇನೆ ಅಂತ ಇಲ್ಲಿ ಬರೆಯುತ್ತಿದ್ದೇನೆ.

ಎಲ್ಲಕ್ಕಿಂತ ಮೊದಲು ತಿಳಿಯಬೇಕಾದದ್ದು ಎಣ್ಣೆಯ ಕೆಲಸ ಏನು ಅಂತ. ಕೂದಲಿಗೆ ಮೆದು ಕೊಡುವುದು ನೀರು. ಎಣ್ಣೆ ಆ ನೀರು ಬೇಗ ಆರಿಹೋಗದಂತೆ ತಡೆಯುತ್ತದೆ. ಒಣಗಿದ ಕೂದಲಿಗೆ ಎಷ್ಟೇ ಎಣ್ಣೆ ಸುರಿದರೂ ಹೊಳಪು ಬರುತ್ತದೆ, ಒಳಗಿನ ಒಣಗು ಹಾಗೇ ಉಳಿಯುತ್ತದೆ. ನೆತ್ತಿಯಲ್ಲಿ ಹುಟ್ಟುವ ಜಿಡ್ಡು ನೇರ ಕೂದಲಿನಲ್ಲಿ ಸಲೀಸಾಗಿ ತುದಿಯವರೆಗೆ ಇಳಿಯುತ್ತದೆ. ನಮ್ಮ ಕೂದಲಿನಲ್ಲಿ ಪ್ರತಿ ಸುರುಳಿಯಲ್ಲೂ ತಡೆದು ನಿಲ್ಲುತ್ತದೆ. ಅದಕ್ಕೇ ಬುಡ ಜಿಡ್ಡಾಗಿದ್ದರೂ ತುದಿ ಒಣಗಿರುತ್ತದೆ, ತಿರುವು ಇರುವ ಕಡೆಯೇ ಮುರಿಯುತ್ತದೆ. ಕೊಬ್ಬರಿ ಎಣ್ಣೆಯ ಬಗ್ಗೆ ನನಗೆ ಪೂರ್ತಿ ನಂಬಿಕೆ ಇದೆ. ಅದು ಕೂದಲಿನ ಒಳಗೆ ಇಳಿಯುತ್ತದೆ, ತೊಳೆಯುವಾಗ ಪ್ರೋಟೀನ್ ಕಳೆದುಹೋಗೋದನ್ನು ಕಮ್ಮಿ ಮಾಡುತ್ತದೆ. 2003ರಲ್ಲಿ ಪ್ರಕಟವಾದ ನಮ್ಮ ದೇಶದ್ದೇ ಒಂದು ಸಂಶೋಧನೆಯಲ್ಲಿ ಸೂರ್ಯಕಾಂತಿ ಎಣ್ಣೆಗೂ ಮಿನರಲ್ ಎಣ್ಣೆಗೂ ಈ ಗುಣ ಕಾಣಲಿಲ್ಲ, ಕೊಬ್ಬರಿ ಎಣ್ಣೆಗೆ ಕಂಡಿತು. ಆದರೆ ಅದನ್ನು ನಾನು ಹಚ್ಚುವುದು ಕೂದಲಿನ ಉದ್ದಕ್ಕೆ, ತಲೆ ತೊಳೆಯುವ ಮುಂಚೆ. ನೆತ್ತಿಗೆ ಸುರಿಯೋದಿಲ್ಲ. ತಲೆಹೊಟ್ಟು ತರುವ ಶಿಲೀಂಧ್ರಕ್ಕೆ ನೆತ್ತಿಯ ಜಿಡ್ಡೇ ಆಹಾರ. ಬ್ರೇಡ್ಸ್ ಒಳಗೆ ಬೆಚ್ಚಗೆ ತೇವವೂ ಇದ್ದು, ಮೇಲೆ ಎಣ್ಣೆಯೂ ಸೇರಿದರೆ ಅದು ಚೆನ್ನಾಗಿ ಬೆಳೆಯುತ್ತದೆ.

ನಾನು ಕೂದಲಿನ ಲೆಕ್ಕವನ್ನು ಮಳೆ ನಕ್ಷತ್ರದ ಮೇಲೆ ಇಟ್ಟುಕೊಂಡಿದ್ದೇನೆ. ಆರಿದ್ರಾ ಮಳೆ ಹಿಡಿದಾಗಿನಿಂದ ಆಶ್ಲೇಷ ಮುಗಿಯುವ ತನಕ, ಅಂದರೆ ಜೂನ್ ಕೊನೆಯಿಂದ ಆಗಸ್ಟ್ ನಡುವಿನವರೆಗೆ, ವೀವ್ ಹಾಕುವುದೇ ಇಲ್ಲ. ಬ್ರೇಡ್ಸ್ ಹಾಕಿದರೂ ದಪ್ಪ ಎಳೆಯದು, ಸಂಖ್ಯೆ ಕಮ್ಮಿ, ಉದ್ದ ಹೆಗಲಿನವರೆಗೆ ಮಾತ್ರ. ಆ ದಿನಗಳಲ್ಲಿ ಗಾಳಿಯಲ್ಲೇ ಸಾಕಷ್ಟು ತೇವ ಇರುತ್ತದೆ, ಸ್ಪ್ರೇ ಬೇಕಾಗೋದಿಲ್ಲ. ಗ್ಲಿಸರಿನ್ ಇರುವ ಕ್ರೀಮನ್ನೂ ಆಗ ಎತ್ತಿಡುತ್ತೇನೆ. ಅದು ಗಾಳಿಯ ತೇವವನ್ನು ಎಳೆದುಕೊಂಡು ಕೂದಲನ್ನು ಉಬ್ಬಿಸುತ್ತದೆ, ಬ್ರೇಡ್ಸ್ ಬುಡವೆಲ್ಲ ಕೆದರಿದ ಹಾಗೆ ಆಗುತ್ತದೆ. ಸಂಕ್ರಾಂತಿ ಕಳೆದ ಮೇಲೆ ಶಿವಮೊಗ್ಗದಲ್ಲಿ ಇದೇ ತಲೆ ಇನ್ನೊಂದೇ ರೀತಿ ವರ್ತಿಸುತ್ತದೆ. ಮಾರ್ಚ್, ಏಪ್ರಿಲ್ ಬಿಸಿಲಿಗೆ ತುದಿ ಹುಲ್ಲಿನಂತಾಗುತ್ತದೆ. ಆಗ ದಿನ ಬಿಟ್ಟು ದಿನ ಸ್ಪ್ರೇ ಬೇಕೇ ಬೇಕು. ಒಂದು ಲೋಟ ನೀರಿಗೆ ಒಂದು ಚಮಚ ಕಂಡೀಷನರ್, ಅಷ್ಟೇ. ಬ್ರೇಡ್ಸ್ ಉದ್ದಕ್ಕೂ ಸಿಂಪಡಿಸಿ, ಮೇಲೆ ಎರಡು ಮೂರು ಹನಿ ಎಣ್ಣೆಯನ್ನು ಅಂಗೈಯಲ್ಲಿ ಉಜ್ಜಿ ಸವರುತ್ತೇನೆ. ಲೋಳೆಸರ ಹಾಕುವುದಾದರೆ ನುಣ್ಣಗೆ ಸೋಸಿ, ಫ್ರಿಜ್ಜಿನಲ್ಲಿಟ್ಟು, ಎರಡು ಮೂರು ದಿನದಲ್ಲಿ ಮುಗಿಸಬೇಕು. ತಿರುಳಿನ ಚೂರು ಬ್ರೇಡ್ಸ್ ಒಳಗೆ ಹೋದರೆ ಹೊರಗೆ ಬರೋದಿಲ್ಲ, ಒಣಗಿ ಬಿಳಿ ಪುಡಿಯಾಗಿ ಕೂರುತ್ತದೆ.

ಬ್ರೇಡ್ಸ್ ಹಾಕುವ ಹಿಂದಿನ ದಿನದ ತಯಾರಿಯೇ ಅರ್ಧ ಕೆಲಸ. ನಾನು ದಾಸವಾಳದ ಸೊಪ್ಪನ್ನು ನೀರಿನಲ್ಲಿ ಕಿವುಚಿ ಗೊಂಪು ತೆಗೆಯುತ್ತೇನೆ. ಮಲೆನಾಡಿನ ಮನೆಗಳಿಗೆ ಇದನ್ನು ಹೇಳಿಕೊಡಬೇಕಿಲ್ಲ, ಹಿತ್ತಿಲಿನಲ್ಲೇ ಗಿಡ ಇರುತ್ತದೆ. ಆ ಲೋಳೆ ಕೂದಲಿಗೆ ಜಾರು ಕೊಡುತ್ತದೆ. ಬಾಚಣಿಗೆಯನ್ನು ದೂರ ಇಟ್ಟು ಬೆರಳಿನಲ್ಲೇ ತುದಿಯಿಂದ ಬುಡದ ಕಡೆಗೆ ಸಿಕ್ಕು ಬಿಡಿಸಬಹುದು. ಪೇಟೆಯ ಯಾವ ದುಬಾರಿ ಕಂಡೀಷನರಿಗೂ ಇದು ಕಮ್ಮಿ ಇಲ್ಲ ಅಂತ ನನ್ನ ಅಭಿಪ್ರಾಯ. ಆದರೆ ಬ್ರೇಡ್ಸ್ ಹಾಕಿದ ಮೇಲೆ ಗೊಂಪು ಹಚ್ಚಬೇಕೆಂದರೆ ತೆಳ್ಳಗೆ ಮಾಡಿ, ಪಂಚೆ ಬಟ್ಟೆಯಲ್ಲಿ ಎರಡು ಸಲ ಸೋಸಲೇಬೇಕು. ಸೀಗೆಪುಡಿಯನ್ನಂತೂ ಬ್ರೇಡ್ಸ್ ಇರುವ ತಲೆಗೆ ಹಾಕಲೇಬೇಡಿ. ಬೈತಲೆಯ ಸಾಲಿನಲ್ಲಿ ತರಿ ಕೂತು ದಿನವಿಡೀ ತುರಿಸುತ್ತದೆ.

ಬ್ರೇಡ್ಸ್‌ಗೆ ಸೇರಿಸುವ ಕೂದಲು ಕನೆಕಲಾನ್ ಎಂಬ ಕೃತಕ ನಾರಿನ ಥರದ ಸಿಂಥೆಟಿಕ್. ಕಟ್ಟು ಬಿಚ್ಚಿದಾಗ ಅದರ ಮೇಲೆ ಒಂದು ಲೇಪ ಇರುತ್ತದೆ, ಕೆಲವರ ನೆತ್ತಿಗೆ ಅದು ಆಗೋದಿಲ್ಲ, ಮೊದಲ ರಾತ್ರಿಯೇ ಕೆರೆತ ಶುರು. ಬಕೆಟ್ ನೀರಿಗೆ ಸ್ವಲ್ಪ ವಿನೆಗರ್ ಹಾಕಿ ಕಟ್ಟನ್ನು ಅರ್ಧ ಗಂಟೆ ನೆನೆಹಾಕುತ್ತೇನೆ. ನೀರಿನ ಮೇಲೆ ಬಿಳಿ ಪೊರೆ ತೇಲುತ್ತದೆ. ಆಮೇಲೆ ಚೆನ್ನಾಗಿ ತೊಳೆದು, ಪೂರ್ತಿ ಒಣಗಿಸಿ ಬಳಸುವುದು. ತಂಗಿಯ ತಲೆಗೆ ಇದನ್ನು ಮಾಡದೆ ಹಾಕಲು ಆಗುವುದೇ ಇಲ್ಲ.

ಈಗ ಬಿಗಿಯ ವಿಷಯ. ಇದರ ಬಗ್ಗೆ ನನಗೆ ತುಂಬಾ ಹೇಳೋದಿದೆ. ಪಾರ್ಲರಿನಲ್ಲಿ ‘ಅಕ್ಕಾ, ಬಿಗಿಯಾಗಿ ಹಾಕಿದ್ರೆ ಜಾಸ್ತಿ ದಿನ ಬರುತ್ತೆ’ ಅನ್ನುತ್ತಾರೆ. ಬ್ರೇಡ್ಸ್ ಜಾಸ್ತಿ ದಿನ ಬರಬಹುದು, ಕೂದಲು ಬರೋದಿಲ್ಲ. ನಾನು ದಿನವೂ ಬ್ಲೌಸ್ ಹೊಲಿಯುವವಳು. ದಾರ ಎಳೆದು ಹೊಲಿದ ಬಟ್ಟೆ ಮೊದಲು ಕಿತ್ತುಬರುವುದು ಅಂಚಿನಲ್ಲೇ. ತಲೆಯಲ್ಲೂ ಹಾಗೇ, ಹಣೆಯ ಅಂಚು, ಕಿವಿಯ ಮೇಲಿನ ಭಾಗ ಮೊದಲು ತೆಳುವಾಗುತ್ತದೆ. ಅಲ್ಲಿ ಕೂದಲೂ ಸಣ್ಣ, ಎಳೆತವೂ ಜಾಸ್ತಿ. ಅದಕ್ಕೇ ಹಣೆಯಂಚಿನ ಒಂದು ಬೆರಳಗಲದ ಕೂದಲನ್ನು ನಾನು ಬ್ರೇಡ್ಸ್‌ಗೆ ಸೇರಿಸುವುದೇ ಇಲ್ಲ. ಮೊದಲ ಕೆಲವು ಸುತ್ತು ಸ್ವಂತ ಕೂದಲಿನಲ್ಲೇ ಹೆಣೆದು, ಆಮೇಲೆ ಸಿಂಥೆಟಿಕ್ ಎಳೆಯನ್ನು ಸ್ವಲ್ಪಸ್ವಲ್ಪವೇ ಸೇರಿಸುತ್ತಾ ಹೋದರೆ ಬುಡದಲ್ಲಿ ಗಂಟೂ ಇರೋದಿಲ್ಲ, ಭಾರವೂ ಬೀಳೋದಿಲ್ಲ. ಹಾಕಿದ ರಾತ್ರಿ ತಲೆ ನೋಯಬಾರದು. ಹುಬ್ಬು ಎತ್ತಿದರೆ ಎಳೆಯಬಾರದು. ಬುಡದಲ್ಲಿ ಸಣ್ಣ ಗುಳ್ಳೆ ಎದ್ದರೆ ಆ ಎಳೆಯನ್ನು ಆಗಲೇ ಬಿಚ್ಚಬೇಕು. ‘ನಾಲ್ಕು ದಿನ ಸಹಿಸ್ಕೋ, ಸಡಿಲ ಆಗುತ್ತೆ’ ಅನ್ನುವ ಮಾತನ್ನು ಯಾರೂ ಕೇಳಬೇಡಿ. ಮಕ್ಕಳ ವಿಷಯದಲ್ಲಂತೂ ಇನ್ನೂ ಎಚ್ಚರ ಬೇಕು. ನಮ್ಮ ಹಳ್ಳಿಯ ಹೆಣ್ಣು ಮಕ್ಕಳಿಗೆ ಶಾಲೆಗೆ ಎರಡು ಜಡೆ ಹಾಕುವಾಗ ಗುಂಗುರು ನೇರವಾಗಲಿ ಅಂತ ಎಳೆದು ಬಾಚುತ್ತಾರೆ. ಗುಂಗುರು ಹಾಗೇ ಇರುತ್ತದೆ, ಹಣೆ ಮಾತ್ರ ದೊಡ್ಡದಾಗುತ್ತದೆ.

ವೀವ್ ಬೇರೆ ಥರ. ಸ್ವಂತ ಕೂದಲನ್ನು ನೆತ್ತಿಗೆ ಅಂಟಿದ ಹಾಗೆ ಸಾಲು ಜಡೆ ಹಾಕಿ, ಆ ಸಾಲಿನ ಮೇಲೆ ಕೂದಲಿನ ಪಟ್ಟಿಯನ್ನು ಬಾಗಿದ ಸೂಜಿಯಲ್ಲಿ ಹೊಲಿಯುವುದು. ಒಳ್ಳೆಯ ವೀವ್ ಅಂದರೆ ನಿಜವಾದ ಮನುಷ್ಯರ ಕೂದಲು. ಜಗತ್ತಿಗೆಲ್ಲ ಹೋಗುವ ಈ ಕೂದಲಿನಲ್ಲಿ ದೊಡ್ಡ ಪಾಲು ನಮ್ಮ ದೇಶದ್ದೇ. ತಿರುಪತಿಯ ಮುಡಿ ಹರಾಜಾಗುವುದು ಎಲ್ಲರಿಗೂ ಗೊತ್ತು. ನಮ್ಮ ಕೊಪ್ಪಳದ ಭಾಗ್ಯನಗರದಲ್ಲೂ ಕೂದಲು ಹಸನು ಮಾಡುವುದು ದೊಡ್ಡ ಉದ್ಯೋಗ. ಹೊಲಿಗೆ ನನ್ನ ಕಸುಬಾದ್ದರಿಂದ ತಂಗಿಗೆ ನಾನೇ ಹೊಲಿಯುತ್ತೇನೆ, ನನಗೆ ಅವಳು. ಪಟ್ಟಿಗಳನ್ನು ತೀರಾ ಒತ್ತೊತ್ತಾಗಿ ಹೊಲಿಯೋದಿಲ್ಲ. ನಡುವೆ ಬೆರಳ ತುದಿ ಹೋಗುವಷ್ಟು ಜಾಗ ಇರಬೇಕು, ಇಲ್ಲದಿದ್ದರೆ ಒಳಗಿನ ನೆತ್ತಿಗೆ ನೀರೂ ತಲುಪೋದಿಲ್ಲ, ಗಾಳಿಯೂ ತಲುಪೋದಿಲ್ಲ. ಮನುಷ್ಯರ ಕೂದಲು ನೀರು ಹೀರುತ್ತದೆ, ಸಿಂಥೆಟಿಕ್ಕಿಗಿಂತ ನಿಧಾನಕ್ಕೆ ಒಣಗುತ್ತದೆ. ಅದರ ಅಡಿಯಲ್ಲಿ ನಮ್ಮ ಸಾಲು ಜಡೆ ಇನ್ನೂ ನಿಧಾನ. ಮಳೆಗಾಲದಲ್ಲಿ ವೀವ್ ಬೇಡ ಅನ್ನೋದು ಇದಕ್ಕೇ.

ತೊಳೆಯುವುದು ಎರಡು ವಾರಕ್ಕೊಮ್ಮೆ. ಮೂತಿ ಇರುವ ಬಾಟಲಿಯಲ್ಲಿ ನೀರಿಗೆ ಸ್ವಲ್ಪ ಶಾಂಪೂ ಬೆರೆಸಿ, ಬೈತಲೆಯ ಸಾಲಿಗೆ ಮಾತ್ರ ಬಿಡುತ್ತೇನೆ. ಬೆರಳ ತುದಿಯಲ್ಲಿ ನೆತ್ತಿಯನ್ನು ಮೆಲ್ಲಗೆ ಒತ್ತುವುದು, ಉಗುರು ತಾಗಿಸೋದಿಲ್ಲ. ಬ್ರೇಡ್ಸ್ ಉದ್ದವನ್ನು ಉಜ್ಜೋದಿಲ್ಲ, ನೊರೆಯನ್ನು ಮೇಲಿಂದ ಕೆಳಗೆ ಹಿಂಡುತ್ತಾ ಬರುವುದು. ಕೊನೆಯ ನೀರು ನಲ್ಲಿಯದ್ದೇ ಆಗಲಿ. ಶಿವಮೊಗ್ಗದ ನಲ್ಲಿಯಲ್ಲಿ ಬರುವುದು ತುಂಗೆಯ ನೀರು, ಮೆದು. ಬೋರಿನ ಗಡಸು ನೀರು ಕೂದಲಿನ ಮೇಲೆ ಬಿಳಿ ಉಳಿಸುತ್ತದೆ, ಕೈಗೆ ಒರಟೊರಟು.

ಇನ್ನು ಒಣಗಿಸುವುದು. ನನ್ನ ಕೇಳಿದರೆ ಮಲೆನಾಡಿನಲ್ಲಿ ಇದೇ ಎಲ್ಲಕ್ಕಿಂತ ದೊಡ್ಡ ಕೆಲಸ. ಬೆಳಿಗ್ಗೆ ಬೇಗ ತೊಳೆಯಬೇಕು, ಸಂಜೆ ಖಂಡಿತ ಬೇಡ. ಹಳೇ ಹತ್ತಿ ಪಂಚೆಯಲ್ಲಿ ಒಂದೊಂದೇ ಹಿಡಿಯಾಗಿ ಬ್ರೇಡ್ಸ್ ಹಿಂಡುತ್ತೇನೆ. ಆಮೇಲೆ ಡ್ರೈಯರನ್ನು ಕಮ್ಮಿ ಬಿಸಿಯಲ್ಲಿಟ್ಟು ಬರೀ ಬುಡಕ್ಕೆ ಹಿಡಿಯುತ್ತೇನೆ, ಸಾಲು ಸಾಲಾಗಿ. ತುದಿ ತಾನೇ ಒಣಗುತ್ತದೆ. ತವರಿನಲ್ಲಿ ಮಳೆಗಾಲದಲ್ಲಿ ಕರೆಂಟ್ ಹೋದರೆ ಎರಡು ದಿನ ಬರೋದಿಲ್ಲ, ಹಾಗಾಗಿ ಅಲ್ಲಿಗೆ ಹೋಗುವ ಮುಂಚೆಯೇ ತಲೆ ತೊಳೆದು ಮುಗಿಸುತ್ತೇನೆ. ಅವ್ವ ಬಚ್ಚಲ ಒಲೆಯ ಮುಂದೆ ಕೂತು ಕೂದಲು ಆರಿಸಿಕೋ ಅನ್ನುತ್ತಾಳೆ. ಅವಳ ಕೂದಲಿಗೆ ಅದು ಸರಿ. ಸಿಂಥೆಟಿಕ್ ಹಾಕಿದವರು ಒಲೆ, ಗ್ಯಾಸ್, ದೀಪದ ಹತ್ತಿರ ಬಗ್ಗಲೇಬಾರದು. ಅದು ಪ್ಲಾಸ್ಟಿಕ್, ಕರಗಿ ಚರ್ಮಕ್ಕೆ ಅಂಟುತ್ತದೆ. ಒಣಗಿದೆಯಾ ಅಂತ ನೋಡಲು ಬ್ರೇಡ್ಸ್ ಬುಡವನ್ನು ಮೂಸಿ ನೋಡಬೇಕು. ಮುಗ್ಗಲು ವಾಸನೆ ಬಂದರೆ ಒಳಗೆ ಇನ್ನೂ ನೀರಿದೆ. ಒದ್ದೆ ತಲೆಯ ಮೇಲೆ ಹೆಲ್ಮೆಟ್ ಹಾಕಿ ಹೊರಡುವುದೂ ಬೇಡ. ಹೆಲ್ಮೆಟ್ಟಿನ ಒಳಬಟ್ಟೆ ನೆನೆದಿದ್ದರೆ ಕೆಳಗೆ ಒಂದು ತೆಳು ಸ್ಕಾರ್ಫ್ ಕಟ್ಟಿಕೊಳ್ಳುತ್ತೇನೆ.

ರಾತ್ರಿಗೆ ಸ್ಯಾಟಿನ್ ಟೋಪಿ. ಹತ್ತಿ ದಿಂಬು ಕೂದಲಿನ ತೇವ ಹೀರುತ್ತದೆ, ಉಜ್ಜಿ ಕೆದರಿಸುತ್ತದೆ. ಉಳಿದ ಸ್ಯಾಟಿನ್ ತುಂಡಿನಲ್ಲಿ ನಾನೇ ಹೊಲಿದುಕೊಳ್ಳುತ್ತೇನೆ. ಹಳೇ ರೇಷ್ಮೆ ಸೀರೆಯ ತುಂಡೂ ಆಗುತ್ತದೆ.

ಆರು ವಾರ ಆದ ಮೇಲೆ ಬಿಚ್ಚುತ್ತೇನೆ. ಎಷ್ಟೇ ಚೆನ್ನಾಗಿ ಕಂಡರೂ ಎಂಟು ವಾರ ದಾಟಿಸೋದಿಲ್ಲ. ಕೂದಲು ತಿಂಗಳಿಗೆ ಒಂದು ಸೆಂಟಿಮೀಟರಿಗಿಂತ ಸ್ವಲ್ಪ ಜಾಸ್ತಿ ಬೆಳೆಯುತ್ತದೆ. ಹೊಸದಾಗಿ ಬೆಳೆದ ಆ ಸಣ್ಣ ಬುಡದ ಮೇಲೆ ಇಡೀ ಬ್ರೇಡ್ಸ್ ಭಾರ ಜೋತುಬೀಳುತ್ತದೆ. ಬಿಚ್ಚಿದಾಗ ಕೈತುಂಬ ಕೂದಲು ಬಂದರೆ ಹೆದರಬೇಡಿ. ದಿನಕ್ಕೆ 50ರಿಂದ 100 ಕೂದಲು ಉದುರುವುದು ಎಲ್ಲರಿಗೂ ಸಹಜ. ಬ್ರೇಡ್ಸ್ ಒಳಗೆ ಉದುರಿದ್ದು ಕೆಳಗೆ ಬೀಳದೆ ಅಲ್ಲೇ ಇರುತ್ತದೆ. 42 ದಿನಕ್ಕೆ ಕಡಿಮೆ ಅಂದರೂ 2,100 ಆಯಿತಲ್ವಾ? ಉದುರಿದ್ದಾ ಮುರಿದದ್ದಾ ಅಂತ ತಿಳಿಯಲು ತುದಿ ನೋಡಿ. ತಾನಾಗಿ ಉದುರಿದ ಕೂದಲಿನ ಒಂದು ತುದಿಯಲ್ಲಿ ಬಿಳಿ ಚುಕ್ಕೆಯಂಥ ಗಡ್ಡೆ ಇರುತ್ತದೆ. ಅದಿಲ್ಲದ ತುಂಡುಗಳೇ ಜಾಸ್ತಿ ಇದ್ದರೆ ಒಣಗು ಇದೆ, ಅಥವಾ ಎಳೆತ ಜಾಸ್ತಿಯಾಗಿದೆ.

ಬಿಚ್ಚಿದ ತಕ್ಷಣ ನೀರು ಹಾಕಬಾರದು. ಬುಡದಲ್ಲಿ ಕೂತ ಧೂಳು, ಜಿಡ್ಡು, ಉದುರಿದ ಕೂದಲು ಎಲ್ಲ ಒದ್ದೆಯಾದರೆ ಗಂಟುಕಟ್ಟಿ ಕತ್ತರಿಯೇ ಬೇಕಾಗುತ್ತದೆ. ಮೊದಲು ಕೊಬ್ಬರಿ ಎಣ್ಣೆ ಸವರಿ, ಒಂದೊಂದೇ ಎಳೆಯನ್ನು ಬೆರಳಿನಲ್ಲಿ ಬಿಡಿಸಿ, ಉದುರಿದ್ದನ್ನೆಲ್ಲ ತೆಗೆದು, ಆಮೇಲೆ ಗೊಂಪು, ಆಮೇಲೆ ಶಾಂಪೂ. ಒಂದು ಭಾನುವಾರ ಪೂರ್ತಿ ಇದಕ್ಕೇ ಹೋಗುತ್ತದೆ. ತಂಗಿ ಹಿಂದೆ ಕೂತು ಅರ್ಧ ತಲೆ ಬಿಡಿಸುತ್ತಾಳೆ. ಇಬ್ಬರೂ ಮಾತಾಡುತ್ತಾ ಕೂತರೆ ಹೊತ್ತು ಹೋದದ್ದೇ ತಿಳಿಯೋದಿಲ್ಲ. ಇದಾದ ಮೇಲೆ ಎರಡು ವಾರವಾದರೂ ಸ್ವಂತ ಕೂದಲಿನಲ್ಲೇ ಸಡಿಲ ಜಡೆ, ಏನೂ ಸೇರಿಸೋದಿಲ್ಲ.

ಹಣೆಯಂಚು ತೆಳುವಾಗುತ್ತಿದೆ ಅನ್ನಿಸಿದರೆ ಬ್ರೇಡ್ಸ್, ವೀವ್ ಎರಡನ್ನೂ ನಿಲ್ಲಿಸಿ. ಎಳೆತದಿಂದ ಉದುರಿದ ಕೂದಲು ಶುರುವಿನಲ್ಲಿ ನಿಲ್ಲಿಸಿದರೆ ಮತ್ತೆ ಬೆಳೆಯುತ್ತದೆ. ವರ್ಷಗಟ್ಟಲೆ ಎಳೆದು ಚರ್ಮ ನುಣ್ಣಗೆ ಹೊಳೆಯತೊಡಗಿದರೆ ಬುಡವೇ ಹೋಗಿರುತ್ತದೆ, ಯಾವ ಎಣ್ಣೆಯೂ ತರೋದಿಲ್ಲ. ಕೆರೆತ, ಹೊಟ್ಟು, ಕೀವು ಗುಳ್ಳೆ ವಾರದಲ್ಲಿ ಹೋಗದಿದ್ದರೂ ಮನೆಮದ್ದು ಮಾಡುತ್ತಾ ಕೂರಬೇಡಿ. ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಯಲ್ಲಿ ಚರ್ಮರೋಗ ವಿಭಾಗ ಇದೆ, ತೋರಿಸಿ. ಹೋಗುವ ಹಿಂದಿನ ದಿನವೇ ಬ್ರೇಡ್ಸ್ ಬಿಚ್ಚಿ ತಲೆ ತೊಳೆದುಕೊಳ್ಳಿ, ಎಣ್ಣೆ ಹಚ್ಚಬೇಡಿ. ನೆತ್ತಿ ಸರಿಯಾಗಿ ಕಂಡರೆ ತಾನೇ ಅವರು ಏನಾಗಿದೆ ಅಂತ ಹೇಳಲು ಆಗುವುದು.